ಅಟ್ಟೆಯೋ ಚೆಂಡೋ

ನಮ್ಮ ಮಲ್ಲಿಗೆ ವ್ಯಾಪಾರದಲ್ಲಿ ಎರಡೇ ಅಳತೆ. ಬಾಳೆನಾರಿನಲ್ಲಿ ಕಟ್ಟಿದ ಹೂವನ್ನು ಸುತ್ತಿಟ್ಟರೆ ಅದು ಒಂದು ಚೆಂಡು. ಅಂಥ ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ನಮ್ಮ ಕಡೆ ಮೂರು ವರ್ಷದ ಮಗುವಿಗೂ ಇದು ಗೊತ್ತು. ಐವತ್ತು ದಾಟಿದ ನನಗೂ ಗೊತ್ತಿತ್ತು. ಗೊತ್ತಿದ್ದೂ ನನ್ನ ಅಕ್ಕನಿಗೆ ನಾನು ಏನು ಮಾಡಿದೆ ಎಂಬುದನ್ನು ಬರೆಯದೆ ಇದ್ದರೆ ನನಗೆ ಸಮಾಧಾನವಿಲ್ಲ.

ಅಕ್ಕನದ್ದು ಕಾಪುವಿನಲ್ಲಿ ಒಂದು ಸಣ್ಣ ಹೂವಿನ ಅಂಗಡಿ. ಬೆಳಿಗ್ಗೆ ಸುತ್ತಲಿನ ಮನೆಗಳಿಂದ ಕಟ್ಟಿದ ಮಲ್ಲಿಗೆ ಬರುತ್ತದೆ. ಅವಳು ನೋಡಿ, ಎಣಿಸಿ, ಬಾಳೆಲೆಯಲ್ಲಿ ಕಟ್ಟಿ ಕೊಡುತ್ತಾಳೆ. ನಾನು ಸ್ಕೂಟರಿನಲ್ಲಿ ಉಡುಪಿ, ಮಣಿಪಾಲ, ಕಾರ್ಕಳ ಎಂದು ತಲುಪಿಸುತ್ತೇನೆ. ಅವಳು ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟದ್ದು ನನ್ನನ್ನು ಓದಿಸಲಿಕ್ಕೆ ಎಂದು ಮನೆಯಲ್ಲಿ ಹೇಳುತ್ತಾರೆ. ನಾನು ಏಳಕ್ಕೆ ಬಿಟ್ಟದ್ದು ಯಾಕೆ ಎಂದು ಯಾರೂ ಹೇಳುವುದಿಲ್ಲ. ಅದು ಗಣಿತದ ಮೇಷ್ಟ್ರಿಗೆ ಮಾತ್ರ ಗೊತ್ತಿತ್ತು.

ಅಕ್ಕ ಒಂದು ಆರ್ಡರನ್ನೂ ಬರೆದಿಟ್ಟವಳಲ್ಲ. ಎಲ್ಲವೂ ತಲೆಯಲ್ಲೇ. ಯಾರದ್ದೋ ಸೀಮಂತಕ್ಕೆ ಮೂರು ವರ್ಷದ ಹಿಂದೆ ಎಷ್ಟು ಹೂವು ಕೊಟ್ಟದ್ದು ಎಂದು ಕೇಳಿದರೆ, "ಆರು ಚೆಂಡು. ಅದರಲ್ಲಿ ಒಂದು ಸ್ವಲ್ಪ ಅರಳಿತ್ತು, ಹಾಗಾಗಿ ಮತ್ತೊಂದು ಗೇಣು ಸೇರಿಸಿದ್ದೆ" ಎನ್ನುತ್ತಿದ್ದಳು. ಆ ಸೀಮಂತದ ನಂತರ ಹುಟ್ಟಿದ ಮಗುವಿಗೆ ಈಗ ಎಷ್ಟು ತಿಂಗಳು ಎಂದೂ ಸೇರಿಸುತ್ತಿದ್ದಳು, ನಾವು ಕೇಳದಿದ್ದರೂ.

ಹೀಗಿರುವಾಗ ಮಣಿಪಾಲದ ಒಂದು ಕಂಪೆನಿಯಿಂದ ಟೈ ಕಟ್ಟಿಕೊಂಡ ಒಬ್ಬರು ಅಂಗಡಿಗೆ ಬಂದರು. ಕಾಪುವಿನ ಸೆಕೆಯಲ್ಲಿ ಟೈ ಕಟ್ಟಿದವರನ್ನು ನೋಡಿದರೆ ನನಗೆ ಮೊದಲೇ ಕನಿಕರ. ಕುಳ್ಳಿರಿಸಿ ಎಳನೀರು ಕೊಟ್ಟೆ. ಅವರು ಮೊಬೈಲ್ ತೆಗೆದರು.

"ಇದು ಹೂವಿನ ವ್ಯಾಪಾರಕ್ಕೆಂದೇ ಮಾಡಿದ ಸಾಫ್ಟ್‌ವೇರ್ ಸಾರ್. ಲೋ-ಕೋಡ್."

"ಲೋ ಅಂದರೆ ಕಮ್ಮಿ ಅಲ್ವಾ? ಕಮ್ಮಿ ಕ್ವಾಲಿಟಿಯದ್ದು ನಮಗೆ ಬೇಡ" ಎಂದಳು ಅಕ್ಕ, ಹೂವಿನಿಂದ ತಲೆ ಎತ್ತದೆ.

"ಹಾಗಲ್ಲ ಅಮ್ಮ. ಕಂಪ್ಯೂಟರ್ ಭಾಷೆ ಗೊತ್ತಿರುವುದು ಬೇಡ ಎಂದು ಅರ್ಥ. ಇಲ್ಲಿ ಬಾಕ್ಸುಗಳು ಉಂಟು. ಬೆರಳಿನಲ್ಲಿ ಎಳೆದು ಬೇಕಾದಲ್ಲಿ ಬಿಡುವುದು. ಹೀಗಾದರೆ ಹಾಗೆ ಮಾಡು ಎಂದು ನಿಯಮ ಹಾಕುವುದು. ನಿಮಗೆ ಬೇಕಾದ ಹಾಗೆ ನೀವೇ ಮಾಡಿಕೊಳ್ಳಬಹುದು."

ಓದಿಲ್ಲದವನಿಗೆ 'ನೀವೇ ಮಾಡಿಕೊಳ್ಳಬಹುದು' ಎಂಬ ಮಾತು ಎಷ್ಟು ರುಚಿ ಎಂದು ಓದಿದವರಿಗೆ ತಿಳಿಯುವುದಿಲ್ಲ. ನಾನು ಅಂದೇ ಹಾಕಿಸಿಕೊಂಡೆ. ಒಬ್ಬರು ಬಳಸುವುದಾದರೆ ಉಚಿತ ಎಂದರು. ಅಕ್ಕನ ಫೋನ್ ನಂಬರಿನಲ್ಲಿ, 'ಮಾಲಕಿ' ಎಂಬ ಹೆಸರಿನಲ್ಲಿ ನೋಂದಾಯಿಸಿ, ನನ್ನ ಮೊಬೈಲಿನಲ್ಲಿ ಇಟ್ಟುಕೊಂಡೆ.

ಹೂವಿನ ವ್ಯಾಪಾರಕ್ಕೆಂದೇ ಮಾಡಿದ್ದು ಎಂದದ್ದು ಸುಳ್ಳಲ್ಲ. ಆದರೆ ಯಾವ ಊರಿನ ಹೂವಿನ ವ್ಯಾಪಾರ ಎಂದು ನಾನು ಕೇಳಿರಲಿಲ್ಲ. ಅದು ಗುಲಾಬಿಯನ್ನು ಒಂದೊಂದಾಗಿ ಕಾಗದದಲ್ಲಿ ಸುತ್ತಿ ಮಾರುವ ಊರಿನದ್ದು. ಹೊಸ ಆರ್ಡರ್ ಎಂದು ಒತ್ತಿದರೆ ಮೊದಲು ಹೂದಾನಿ ಬೇಕೇ ಎಂದು ಕೇಳುತ್ತದೆ. ಮಲ್ಲಿಗೆಗೆ ಹೂದಾನಿ! ಆಮೇಲೆ ತೊಟ್ಟಿನ ಉದ್ದ ಎಷ್ಟು ಎಂದು ಕೇಳುತ್ತದೆ. ಹೂದಾನಿಯ ಬಾಕ್ಸನ್ನು ಎಳೆದು ಹೊರಗೆ ಎಸೆಯಲು ಆಯಿತು. ತೊಟ್ಟಿನ ಬಾಕ್ಸ್ ಮಾತ್ರ ಕಂಪೆನಿಯವರು ಮೊಳೆ ಹೊಡೆದು ಕೂರಿಸಿದ ಹಾಗೆ ಅಲುಗಲಿಲ್ಲ. ಸೊನ್ನೆ ಹಾಕಿದರೆ ತೊಟ್ಟು ಸೊನ್ನೆ ಇರಲು ಸಾಧ್ಯವಿಲ್ಲ ಎಂದು ಕೆಂಪು ಅಕ್ಷರದಲ್ಲಿ ಗದರಿಸಿತು. ಒಂದು ಎಂದು ಹಾಕಿದೆ. ಅದು ಒಂದು ಅಡಿ ಎಂದು ತಿಳಿದುಕೊಂಡಿತು. ಉಡುಪಿಯ ಒಂದು ಅಂಗಡಿಗೆ, 'ಒಂದು ಅಡಿ ಉದ್ದ ತೊಟ್ಟಿನ ನಿಮ್ಮ ಮಲ್ಲಿಗೆ ಹೊರಟಿದೆ' ಎಂದು ಮೆಸೇಜು ಹೋಯಿತು.

ಅಂಗಡಿಯವರ ಫೋನ್ ಬಂತು. "ಒಂದು ಅಡಿ ತೊಟ್ಟಿನದ್ದು ಎಂತ ಮಾರಾಯ? ಮುಡಿಯುವುದಾ, ನೆಡುವುದಾ?"

ಇನ್ನು ಚೆಂಡಿನ ವಿಷಯ. ಅಳತೆ ಎಂಬ ಬಾಕ್ಸಿನಲ್ಲಿ ನಾನು 'ಚೆಂಡು' ಎಂದು ಬರೆದ ಕೂಡಲೇ ಸಾಫ್ಟ್‌ವೇರ್ ತಾನಾಗಿ ಅದರ ಪಕ್ಕದಲ್ಲಿ ಒಂದು ಫುಟ್‌ಬಾಲಿನ ಚಿತ್ರ ಇಟ್ಟಿತು. ತೆಗೆಯುವುದು ಹೇಗೆ ಎಂದು ಗೊತ್ತಾಗಲಿಲ್ಲ. ಅಂದಿನಿಂದ ಎಲ್ಲ ಗಿರಾಕಿಗಳಿಗೂ ಹೂವಿನ ಜೊತೆ ಫುಟ್‌ಬಾಲು. ಸಂತೆಕಟ್ಟೆಯ ಒಬ್ಬರು ಸಿಕ್ಕಿದಾಗೆಲ್ಲ, "ಮ್ಯಾಚು ಎಷ್ಟು ಗಂಟೆಗೆ?" ಎಂದು ಕೇಳತೊಡಗಿದರು. ಅಕ್ಕ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. "ನಿನ್ನ ಯಂತ್ರಕ್ಕೆ ಮಲ್ಲಿಗೆ ಅಂದರೆ ಎಂತ ಎಂದು ಒಮ್ಮೆ ಮೂಸಲಿಕ್ಕೆ ಕೊಡು ಮಾರಾಯ" ಎಂದಳು.

ಆದರೂ ಅದರಿಂದ ಉಪಕಾರ ಆಗಲಿಲ್ಲ ಎಂದರೆ ತಪ್ಪಾದೀತು. ಯಾವ ಮನೆಗೆ ಮೊದಲು, ಯಾವುದಕ್ಕೆ ಆಮೇಲೆ ಎಂದು ಅದು ದಾರಿಯ ಕ್ರಮದಲ್ಲಿ ಜೋಡಿಸಿ ಕೊಡುತ್ತಿತ್ತು. ಮೊದಲು ನಾನು ಮಣಿಪಾಲಕ್ಕೆ ಹತ್ತಿ, ಇಳಿದು, ಮರೆತದ್ದು ನೆನಪಾಗಿ ಮತ್ತೆ ಹತ್ತುತ್ತಿದ್ದೆ. ಅದು ನಿಂತಿತು. ಮಳೆಗೆ ಮೊಗ್ಗು ಕಡಿಮೆ ಬಂದ ದಿನ ಎಲ್ಲರಿಗೂ ಒಂದೇ ಸಲ ತಿಳಿಸಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ನಾಮಕರಣ, ಗೃಹಪ್ರವೇಶ, ಭೂತದ ಕೋಲ ಎಂದು ನಮಗೆ ಬೇಕಾದ ಪಟ್ಟಿಯನ್ನು ನಾನೇ ಮಾಡಿದ್ದೆ. ಯಾವ ಇಂಜಿನಿಯರಿಗೂ ಕಾಯಬೇಕಾಗಿರಲಿಲ್ಲ. ಆದರೆ ತಪ್ಪು ಮಾಡಲಿಕ್ಕೂ ಇಂಜಿನಿಯರಿಗೆ ಕಾಯಬೇಕಾಗಿಲ್ಲ ಎಂಬುದು ಆಗ ಹೊಳೆಯಲಿಲ್ಲ. ಬರೆಯಲು ಕಲಿತ ಮಗು ಗೋಡೆಯನ್ನೆಲ್ಲ ಗೀಚಿದ ಹಾಗೆ ನಾನು ಸಿಕ್ಕಿದ್ದಕ್ಕೆಲ್ಲ ನಿಯಮ ಹಾಕತೊಡಗಿದೆ. ಒಂದು ನಿಯಮ ಹೀಗಿತ್ತು: ಅಳತೆ ಖಾಲಿ ಬಿಟ್ಟರೆ, ಚೆಂಡು ಎಂದು ತಿಳಿ. ಹೆಚ್ಚಿನವರು ಕೇಳುವುದು ಚೆಂಡಿನ ಲೆಕ್ಕದಲ್ಲಿ ತಾನೆ? ಪ್ರತಿ ಸಲ ಒತ್ತುವ ಕೆಲಸ ಉಳಿಯಿತು. ಆ ದಿನ ನಾನು ಕನ್ನಡಿಯಲ್ಲಿ ನನ್ನ ಮುಖವನ್ನು ಎರಡು ಸಲ ನೋಡಿಕೊಂಡೆ.

ಕಾರ್ಕಳದ ಪಕ್ಕದ ಕುಕ್ಕುಂದೂರಿನಿಂದ ಒಂದು ಮದುವೆಯ ಆರ್ಡರ್ ಬಂತು. ಫೋನ್ ಮಾಡಿದ್ದು ಮದುಮಗಳ ಚಿಕ್ಕಮ್ಮ. ಮಾತಾಡಿದ್ದು ಅಕ್ಕ. ಫೋನ್ ಇಟ್ಟು ನನ್ನ ಕಡೆ ತಿರುಗಿ, "ಕುಕ್ಕುಂದೂರಿಗೆ ಇಪ್ಪತ್ತು ಅಟ್ಟೆ, ಬರುವ ಭಾನುವಾರ" ಎಂದಳು. ಇದು ನನ್ನ ಕಿವಿಯಲ್ಲಿ ಇವತ್ತಿಗೂ ಹಾಗೆಯೇ ಇದೆ. ನಾನು ಇಪ್ಪತ್ತು ಎಂದು ಒತ್ತಿದೆ. ಅಷ್ಟರಲ್ಲಿ ಯಾರೋ ಹೂವು ಕೇಳಿಕೊಂಡು ಬಂದರು. ಅಳತೆ ಒತ್ತದೆ ಉಳಿಯಿತು. ನನ್ನ ನಿಯಮ ತನ್ನ ಕೆಲಸ ಮಾಡಿತು.

ಭಾನುವಾರ ಬೆಳಿಗ್ಗೆ ನಾನು ಮೊಬೈಲ್ ನೋಡಿ ಇಪ್ಪತ್ತು ಚೆಂಡು ಎಂದೆ. ಅಕ್ಕನ ಕೈ ನಿಂತಿತು.

"ಚೆಂಡಾ? ಅಟ್ಟೆ ಅಲ್ವಾ?"

"ಇಲ್ಲಿ ಚೆಂಡು ಅಂತ ಉಂಟಲ್ಲ."

"ಮದುವೆಗೆ ಐದೇ ಅಟ್ಟೆಯಾ? ನನಗೆ ಅಟ್ಟೆ ಅಂತ ಕೇಳಿದ ಹಾಗೆ ನೆನಪು."

"ಈಗ ಯಾರು ಅಕ್ಕ ಮೊದಲಿನ ಹಾಗೆ ಮುಡಿಯುವುದು? ಎಲ್ಲ ಬಾಬ್ ಕಟ್. ಮತ್ತೆ ಅವರಿಗೆ ಮೆಸೇಜೂ ಹೋಗಿದೆ. ತಪ್ಪಿದ್ದರೆ ಹೇಳುತ್ತಿರಲಿಲ್ವಾ?"

ಅವಳು ಮೊಬೈಲನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು. ತನ್ನ ತಲೆಯನ್ನು ಬಿಟ್ಟು ಅದನ್ನು ನಂಬಿದಳು. ಇಪ್ಪತ್ತು ಚೆಂಡು ಕಟ್ಟಿ ಕೊಟ್ಟಳು.

ಕಾರ್ಕಳದ ಮದುವೆ ಹಾಲಿನಲ್ಲಿ ಚಿಕ್ಕಮ್ಮ ನನ್ನ ಬುಟ್ಟಿ ನೋಡಿ, "ಉಳಿದದ್ದು ಹಿಂದಿನ ಗಾಡಿಯಲ್ಲಿ ಬರ್ತದಾ?" ಎಂದು ಕೇಳಿದರು. ಹಿಂದೆ ಗಾಡಿ ಇರಲಿಲ್ಲ. ನಾನು ಮೊಬೈಲ್ ತೋರಿಸಿ ಮೆಸೇಜು ಬರಲಿಲ್ವಾ ಎಂದೆ.

"ಫುಟ್‌ಬಾಲಿನ ಚಿತ್ರ ಬಂದಿತ್ತು. ನಾನು ಯಾವುದೋ ಕ್ಲಬ್ಬಿನವರದ್ದು ಅಂತ ಡಿಲೀಟ್ ಮಾಡಿದೆ!"

ಬೆಳೆಗಾರರ ಮನೆಗಳಿಗೆ ಫೋನ್ ಮಾಡಿದೆ. ಆ ದಿನದ ಹೂವೆಲ್ಲ ಆಗಲೇ ಬಸ್ಸು ಹತ್ತಿಯಾಗಿತ್ತು. ಇತ್ತ ಹಾಲಿನ ಬಾಗಿಲಲ್ಲಿ ಹೆಂಗಸರ ಸಾಲು. ಚಿಕ್ಕಮ್ಮ ಕತ್ತರಿ ಹಿಡಿದು ನಿಂತರು. ಮೊದಲು ಬಂದವರಿಗೆ ಒಂದು ಮೊಳ. ಸಾಲು ನೋಡಿ ಅರ್ಧ ಮೊಳ. ಬಸ್ಸೊಂದು ಬಂದು ನಿಂತಿತು, ಒಂದು ಗೇಣು. ಮದುಮಗನ ಕಡೆಯವರು ಬರುವಾಗ ಬೆರಳುದ್ದ. ಕೊನೆಗೆ ಮೂರು ಮೊಗ್ಗಿನ ತುಂಡುಗಳು. ಮದುಮಗನ ಅಜ್ಜಿ ಅದನ್ನು ಅಂಗೈಯಲ್ಲಿಟ್ಟುಕೊಂಡು ಕನ್ನಡಕ ಸರಿಮಾಡಿ, "ಇದೆಂತ, ಮುಡಿಯಲಿಕ್ಕಾ, ಮೂಸಲಿಕ್ಕಾ?" ಎಂದರು. ನಾನು ಪೇಟೆಗೆ ಓಡಿ ಸಿಕ್ಕಿದಷ್ಟು ಅಬ್ಬಲಿಗೆ, ಅದೇ ಕನಕಾಂಬರ, ತಂದೆ. ಅದನ್ನು ಕಂಡು ಅಜ್ಜಿ ಮುಖ ತಿರುಗಿಸಿದರು.

ವಾಪಸು ಬರುವ ದಾರಿಯಲ್ಲಿ ಸ್ಕೂಟರ್ ನಿಲ್ಲಿಸಿ ಮೊಬೈಲ್ ತೆರೆದೆ. 'ಅಳತೆ: ಚೆಂಡು, ನಿಯಮದ ಪ್ರಕಾರ' ಎಂದು ಸಣ್ಣ ಅಕ್ಷರದಲ್ಲಿ ಬರೆದಿತ್ತು. ಅದರ ಕೆಳಗೆ 'ಸೇರಿಸಿದವರು: ಮಾಲಕಿ' ಎಂದಿತ್ತು. ಎಲ್ಲ ಅರ್ಥವಾಯಿತು. ಮನೆಗೆ ಹೋಗಿ ಹೇಳಿಬಿಡುವುದು ಎಂದುಕೊಂಡೆ. ಕಾಪು ತಲುಪುವವರೆಗೂ ಹಾಗೆಯೇ ಅಂದುಕೊಂಡಿದ್ದೆ.

ಆದರೆ ಚಿಕ್ಕಮ್ಮನ ಫೋನ್ ನನಗಿಂತ ಮೊದಲೇ ತಲುಪಿತ್ತು. "ನಿಮಗೂ ಪ್ರಾಯ ಆಯಿತು ಅಕ್ಕ, ಇನ್ನು ಬರೆದಿಟ್ಟುಕೊಳ್ಳಿ" ಎಂದಿದ್ದರಂತೆ. ಅಕ್ಕ ಅಂಗಡಿಯ ಸ್ಟೂಲಿನಲ್ಲಿ ಕೂತಿದ್ದಳು. ಕೈಯಲ್ಲಿ ಹೂವಿರಲಿಲ್ಲ.

"ನಾನು ನಿನಗೆ ಎಂತ ಹೇಳಿದ್ದು? ಸರಿಯಾಗಿ ಹೇಳು."

ಇಲ್ಲಿ ನಾನು ಸುಳ್ಳು ಹೇಳಿದೆ. "ಚೆಂಡು ಅಂದೆ ಅಕ್ಕ" ಎಂದೆ. ಅಷ್ಟಕ್ಕೇ ನಿಲ್ಲದೆ, 'ಸೇರಿಸಿದವರು: ಮಾಲಕಿ' ಎಂದಿರುವುದನ್ನು, ಅದು ಆರ್ಡರ್ ಹೇಳಿದವರ ಹೆಸರು ಎಂಬ ಹಾಗೆ ತೋರಿಸಿದೆ. ಆ ಯಂತ್ರದಲ್ಲಿ ಯಾರು ಏನು ಒತ್ತಿದರೂ ಮಾಲಕಿ ಎಂದೇ ಬರುತ್ತದೆ, ಯಾಕೆಂದರೆ ಉಚಿತದಲ್ಲಿ ಒಬ್ಬರಿಗೇ ಜಾಗ. ಇದನ್ನು ಅವಳಿಗೆ ಹೇಳಲಿಲ್ಲ. ಜೀವನದಲ್ಲಿ ಮೊದಲ ಸಲ ನಾನೊಂದು ಯಂತ್ರವನ್ನು ನನಗೆ ಬೇಕಾದ ಹಾಗೆ ಮಾಡಿಕೊಂಡಿದ್ದೆ. ಅದು ತಪ್ಪಿತು ಎಂದು ಹೇಳಲು ನಾಲಗೆ ಏಳಲಿಲ್ಲ. ಎರಡು ದಿನ ಬೈದು ಅಕ್ಕ ಮರೆತುಬಿಡುತ್ತಾಳೆ ಎಂದುಕೊಂಡೆ.

ಅವಳು ಬೈಯಲಿಲ್ಲ. ಅವಳು ಹೆದರಿದಳು.

ನಮ್ಮ ಅಮ್ಮ ಕೊನೆಯ ನಾಲ್ಕು ವರ್ಷ ಎಲ್ಲ ಮರೆತಿದ್ದಳು. ನನ್ನನ್ನು ತನ್ನ ಅಣ್ಣ ಎಂದುಕೊಂಡು, "ನೀನು ಬೊಂಬಾಯಿಯಿಂದ ಯಾವಾಗ ಬಂದದ್ದು?" ಎಂದು ದಿನಕ್ಕೆ ಹತ್ತು ಸಲ ಕೇಳುತ್ತಿದ್ದಳು. ನೋಡಿಕೊಂಡದ್ದು ಅಕ್ಕ. ಅಮ್ಮನದ್ದು ಶುರುವಾದದ್ದೂ ಹೀಗೇ, ಹೇಳಿದ್ದೊಂದು ನೆನಪಿದ್ದದ್ದೊಂದು ಆಗಿ. ನನಗೆ ಅದು ಹೊಳೆಯಲಿಲ್ಲ. ಅವಳಿಗೆ ಅದೇ ಹೊಳೆಯಿತು.

ಮರುದಿನದಿಂದ ಊಟಕ್ಕೆ ತಿಮರೆ ಚಟ್ನಿ ಬಂತು. ಒಂದೆಲಗಕ್ಕೆ ನಾವು ತಿಮರೆ ಎನ್ನುವುದು. ನೆನಪಿನ ಶಕ್ತಿಗೆ ಒಳ್ಳೆಯದಂತೆ. ಮೊದಲ ದಿನ ಚಟ್ನಿ, ಎರಡನೆಯ ದಿನ ತಂಬುಳಿ, ಮೂರನೆಯ ದಿನ ದೋಸೆಯಲ್ಲೂ ಅರೆದು ಹಸಿರು. "ನೀನೂ ತಿನ್ನು, ಒಂದೇ ರಕ್ತ ಅಲ್ವಾ" ಎಂದು ನನಗೂ ಬಡಿಸಿದಳು. ನಲವತ್ತು ದಿನ ತಿಂದೆ. ಮರೆಯಬೇಕೆಂದದ್ದೇ ನನಗೆ ಹೆಚ್ಚು ಹೆಚ್ಚು ನೆನಪಾಗುತ್ತಿತ್ತು. ಆ ಸೊಪ್ಪಿನಲ್ಲಿ ನಿಜವಾಗಿಯೂ ಶಕ್ತಿ ಉಂಟು.

ಅಂಗಡಿಯಲ್ಲಿ ಅವಳು ಫೋನ್ ಎತ್ತುವುದನ್ನು ಬಿಟ್ಟಳು. ರಿಂಗಾದರೆ ನನಗೆ ಕೊಡುತ್ತಿದ್ದಳು. ಕಾಯಂ ಗಿರಾಕಿ ಬಂದರೂ, "ಇವರಿಗೆ ದಿನಾ ಎಷ್ಟು, ಸ್ವಲ್ಪ ನಿನ್ನ ಮೊಬೈಲಿನಲ್ಲಿ ನೋಡು" ಎನ್ನುತ್ತಿದ್ದಳು. ಹದಿನೈದು ವರ್ಷದಿಂದ ದಿನಾ ಒಂದೇ ಚೆಂಡು ಕೊಳ್ಳುವವರು ಅವರು. ಗ್ಯಾಸ್ ಆಫ್ ಮಾಡಿದ್ದೇನಾ ಎಂದು ದಾರಿಯಿಂದ ಹಿಂದೆ ಹೋಗಿ ನೋಡಿ ಬರುತ್ತಿದ್ದಳು. ನಾನು ಪ್ರತಿ ದಿನ ನಾಳೆ ಹೇಳುವುದು ಎಂದುಕೊಳ್ಳುತ್ತಿದ್ದೆ.

ಒಂದು ಬುಧವಾರ, "ನಾಳೆ ಬೆಳಿಗ್ಗೆ ಮಣಿಪಾಲಕ್ಕೆ ಹೋಗಲಿಕ್ಕುಂಟು. ತಲೆಯ ಡಾಕ್ಟ್ರನ್ನು ನೋಡಬೇಕು" ಎಂದಳು. ಚೀಟಿ ಮಾಡಿಸಿ ಆಗಿತ್ತು.

ಡಾಕ್ಟರು ತಾಳ್ಮೆಯ ಮನುಷ್ಯ. ಎದುರಿಗೆ ಕುಳ್ಳಿರಿಸಿ, "ಮೂರು ಶಬ್ದ ಹೇಳುತ್ತೇನೆ ಅಮ್ಮ. ಕುರ್ಚಿ, ಆನೆ, ಕೊಡೆ. ಕೊನೆಗೆ ಕೇಳುತ್ತೇನೆ" ಎಂದರು. ಆಮೇಲೆ ಇವತ್ತು ಯಾವ ವಾರ ಎಂದು ಕೇಳಿದರು.

"ಗುರುವಾರ. ದಶಮಿ. ನಾಳೆ ಏಕಾದಶಿ, ಹೂವಿಗೆ ಗಿರಾಕಿ ಜಾಸ್ತಿ."

"ನೂರರಿಂದ ಏಳು ಏಳು ಕಳೆಯುತ್ತಾ ಹೋಗಿ."

ಅಕ್ಕ ಬಸ್ಸಿನ ಕಂಡಕ್ಟರನ ಹಾಗೆ ಇಳಿಯುತ್ತಾ ಹೋದಳು. ಮೂವತ್ತಕ್ಕೆ ಬಂದಾಗ ಡಾಕ್ಟರು ಸಾಕು ಎಂದರು, ಅವಳು ಎರಡಕ್ಕೆ ತಲುಪಿಯೇ ನಿಂತಳು.

"ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳುತ್ತೀರಿ?"

"ಬಂಗುಡೆ, ಬೂತಾಯಿ, ಅಂಜಲ್, ಕಾಣೆ, ಮಾಂಜಿ, ನಂಗ್..."

"ಅಮ್ಮ, ಅದು ಮೀನು."

"ಮೀನು ಪ್ರಾಣಿ ಅಲ್ವಾ? ಜೀವ ಇಲ್ವಾ ಅದಕ್ಕೆ?"

ಡಾಕ್ಟರು ಯೋಚಿಸಿ, ಮೀನನ್ನೂ ಬರೆದುಕೊಂಡರು. ನಿಮಿಷ ಮುಗಿಯುವಾಗ ಅವರ ಕಾಗದದಲ್ಲಿ ಜಾಗ ಇರಲಿಲ್ಲ. "ಎಲ್ಲ ಸರಿ ಇದೆಯಲ್ಲ, ಯಾಕೆ ಬಂದದ್ದು?" ಎಂದು ಕೇಳಿದರು.

"ಕುರ್ಚಿ, ಆನೆ, ಕೊಡೆ. ನೀವು ಕೇಳಲಿಕ್ಕೆ ಮರೆತಿರಿ" ಎಂದಳು ಅಕ್ಕ. ಆಮೇಲೆ ದನಿ ಇಳಿಸಿ ಹೇಳಿದಳು: "ನಾನು ಅಟ್ಟೆ ಅಂತ ಹೇಳಿದ್ದು ನನಗೆ ಸರಿಯಾಗಿ ನೆನಪುಂಟು ಡಾಕ್ಟ್ರೆ. ಆದರೆ ನಾನು ಚೆಂಡು ಅಂತ ಹೇಳಿದ್ದಂತೆ. ಇವನೂ ಕೇಳಿದ್ದಾನೆ, ಕಂಪ್ಯೂಟರಿನಲ್ಲೂ ನನ್ನ ಹೆಸರೇ ಉಂಟು. ಆಗದೇ ಇದ್ದದ್ದು ಇಷ್ಟು ಸ್ಪಷ್ಟ ನೆನಪಾಗುವುದು ಯಾವ ಕಾಯಿಲೆ? ನನ್ನ ಅಮ್ಮನಿಗೂ ಹೀಗೇ ಇತ್ತು."

ಅಮ್ಮನ ವಿಷಯ ಕೇಳಿದ ಮೇಲೆ ಡಾಕ್ಟರ ಮುಖ ಗಂಭೀರವಾಯಿತು. "ಹಾಗಿದ್ದರೆ ಒಂದು ಸ್ಕ್ಯಾನ್ ಮಾಡಿ ನೋಡುವ" ಎಂದು ಪೆನ್ನು ತೆಗೆದರು.

"ಸ್ಕ್ಯಾನ್ ಬೇಡ ಡಾಕ್ಟ್ರೆ!" ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. "ತಪ್ಪು ಅವಳ ತಲೆಯಲ್ಲಿಲ್ಲ. ನನ್ನ ಮೊಬೈಲಿನಲ್ಲಿ ಉಂಟು."

ಅಳತೆ, ನಿಯಮ, ಖಾಲಿ ಬಾಕ್ಸು, ಮಾಲಕಿ, ಸುಳ್ಳು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಡಾಕ್ಟರಿಗೆ ಅರ್ಧ ಅರ್ಥವಾಗಿರಬೇಕು. ನಮ್ಮಿಬ್ಬರನ್ನೂ ನೋಡಿ, "ಹಾಗಾದರೆ ಇಲ್ಲಿ ಪೇಶಂಟ್ ಯಾರು?" ಎಂದರು.

ಅಕ್ಕ ಎದ್ದು ಹೊರಗೆ ಬಂದಳು. ಬಸ್ ನಿಲ್ದಾಣದ ಕಡೆ ನಡೆದಳು. ನಾನು ಎರಡು ಹೆಜ್ಜೆ ಹಿಂದೆ. ಬೆಂಚಿನ ಮೇಲೆ ಕೂತು ಅವಳು ಪರ್ಸಿನಿಂದ ಮಡಿಸಿದ ಒಂದು ಕಾಗದ ತೆಗೆದು ನನ್ನ ಕೈಯಲ್ಲಿಟ್ಟಳು. ನಾಲ್ಕನೆಯ ತರಗತಿಯ ದುಂಡು ಅಕ್ಷರದಲ್ಲಿ ನನ್ನ ಹೆಸರು. ಅದರ ಕೆಳಗೆ, 'ಇವನು ನನ್ನ ತಮ್ಮ. ಅಣ್ಣ ಅಲ್ಲ.'

"ಒಂದು ದಿನ ನಿನ್ನನ್ನು ನೋಡಿ ಬೊಂಬಾಯಿಯಿಂದ ಯಾವಾಗ ಬಂದದ್ದು ಅಂತ ಕೇಳಿದರೆ? ಅದಕ್ಕೆ ಬರೆದಿಟ್ಟದ್ದು" ಎಂದಳು.

ನನಗೆ ಕಣ್ಣು ತುಂಬಿತು. ಅಲ್ಲಿ ಬಸ್ಸಿಗೆ ಕಾಯುತ್ತಿದ್ದವರು ನಮ್ಮನ್ನೇ ನೋಡುತ್ತಿದ್ದರು.

"ಅಳಬೇಡ. ಆಸ್ಪತ್ರೆಯಿಂದ ಬಂದವರು ಅಳುವುದು ನೋಡಿದರೆ ನನಗೆ ಎಂತದೋ ಆಗಿದೆ ಅಂದುಕೊಳ್ಳುತ್ತಾರೆ" ಎಂದು ಗದರಿಸಿದಳು. "ನಲವತ್ತು ದಿನ! ಊರಿನ ತಿಮರೆಯೆಲ್ಲ ಮುಗಿಸಿದ್ದೇನೆ. ಆಚೆ ಮನೆಯವರು ಅವರ ತೋಡಿನ ಬದಿಗೆ ಬೇಲಿ ಹಾಕಿದ್ದಾರೆ ನನ್ನಿಂದಾಗಿ."

"ಆ ಸಾಫ್ಟ್‌ವೇರನ್ನು ಇವತ್ತೇ ತೆಗೆದು ಬಿಸಾಡುತ್ತೇನೆ ಅಕ್ಕ."

"ಯಾಕೆ? ಅದು ಎಂತ ಮಾಡಿದೆ? ನೀನು ಹೇಳಿದ ಹಾಗೆ ಕೇಳಿದ್ದು ಅದು. ಸುಳ್ಳು ಹೇಳಿದ್ದು ನೀನು." ನನ್ನ ಮೊಬೈಲಿನ ಕಡೆ ಬೆರಳು ತೋರಿಸಿದಳು. "ಅದರಲ್ಲಿ ಬೇಕಾದ ಬಾಕ್ಸ್ ಮಾಡಬಹುದು ಅಂದಿದ್ದಿಯಲ್ಲ? ಆ ಖಾಲಿ ಬಿಟ್ಟರೆ ಚೆಂಡು ಅನ್ನುವ ನಿನ್ನ ನಿಯಮವನ್ನು ಈಗಲೇ ತೆಗೆ. ಅಟ್ಟೆಯೋ ಚೆಂಡೋ ಹೇಳದಿದ್ದರೆ ಅದು ಮುಂದೆ ಹೋಗಬಾರದು. ಮತ್ತೊಂದು ಹೊಸ ಬಾಕ್ಸ್ ಹಾಕು."

"ಎಂತದ್ದು?"

"ತಪ್ಪಾದರೆ ಯಾರದ್ದು."

ಬೆಂಚಿನ ಮೇಲೆ ಕೂತೇ ಎಳೆದು ಬಿಟ್ಟೆ. ಎರಡು ನಿಮಿಷದ ಕೆಲಸ. ಒತ್ತಿದರೆ ಕೆಳಗೆ ಇಳಿಯುವ ಪಟ್ಟಿಯಲ್ಲಿ ಯಾರ ಯಾರ ಹೆಸರು ಬೇಕು ಎಂದು ಕೇಳಿದೆ.

"ತಮ್ಮ ಅಂತ ಹಾಕು."

"ಮತ್ತೆ?"

"ಮತ್ತೆ ಎಂತ? ಅಷ್ಟೇ. ಅದನ್ನು ಒತ್ತದಿದ್ದರೂ ಮುಂದೆ ಹೋಗಬಾರದು."

ಕುಕ್ಕುಂದೂರಿಗೆ ಆಗಲೇ ಅಲ್ಲಿಂದಲೇ ಫೋನ್ ಮಾಡಿಸಿದಳು. ನಾನು ಚಿಕ್ಕಮ್ಮನಿಗೆ ಎಲ್ಲ ಹೇಳಿ ಮುಗಿಸುವಷ್ಟರಲ್ಲಿ ಅಕ್ಕ ಫೋನ್ ಕಸಿದುಕೊಂಡಳು. "ನೀವು ಕರೆ ಮಾಡಿದ್ದು ಸೋಮವಾರ, ಬೆಳಿಗ್ಗೆ ಹತ್ತೂವರೆಗೆ. ಹಿಂದಿನಿಂದ ನಿಮ್ಮ ಮಿಕ್ಸಿ ಶಬ್ದ ಆಗುತ್ತಿತ್ತು. ಇಪ್ಪತ್ತು ಅಟ್ಟೆ ಅಂದಿರಿ, ಆಮೇಲೆ ಅಜ್ಜಿಗೆ ಬೇರೆ ಕಟ್ಟಿಡಿ ಅಂದಿರಿ. ಹೌದಾ ಅಲ್ವಾ?" ಆ ಕಡೆಯಿಂದ ಹೌದು ಎಂದು ಬಂದಿರಬೇಕು. ಅವಳ ಬೆನ್ನು ನೆಟ್ಟಗಾಯಿತು. ಇನ್ನೂ ಏನೇನೋ ಮಾತಾಡಿದಳು; ಮದುಮಗಳ ತಂಗಿಗೆ ನಿಶ್ಚಯವಾಗಿದೆಯಂತೆ.

ಫೋನ್ ನನಗೆ ಕೊಟ್ಟು, "ಹನ್ನೆರಡು ಅಟ್ಟೆ, ಮುಂದಿನ ತಿಂಗಳ ಎರಡನೆಯ ಭಾನುವಾರ. ಬರೆದುಕೋ" ಎಂದಳು. ನಾನು ಹನ್ನೆರಡು ಒತ್ತಿದೆ. ಅಟ್ಟೆ ಒತ್ತಿದೆ. ತೊಟ್ಟಿನ ಉದ್ದ ಒಂದು ಒತ್ತಿದೆ. ಕೊನೆಗೆ 'ತಪ್ಪಾದರೆ ಯಾರದ್ದು' ಎಂಬಲ್ಲಿ ಪಟ್ಟಿ ಕೆಳಗೆ ಇಳಿಯಿತು. ಅಕ್ಕ ನನ್ನ ಭುಜದ ಮೇಲಿನಿಂದ ಬಗ್ಗಿ ನೋಡುತ್ತಿದ್ದಳು. ನಾನು ಒತ್ತಿದೆ.